ರೋಮ್: ಹಳೇ ಸಾಮಾನಿನ ಮೇಲೆ ನಿಂತ ಊರು

ಮನೆ ಕಟ್ಟಿಸಿಕೊಡಿ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ ಮಾತು: ಹಳೇ ಮನೆ ಸಾಮಾನು ಏನೇನಿದೆ? ತೇಗದ ಬಾಗಿಲು, ಕಲ್ಲು ಕಂಬ, ಚಪ್ಪಡಿ, ಕಿಟಕಿ ಸರಳು, ಏನಿದ್ದರೂ ಸರಿ. ಚಿತ್ರದುರ್ಗದಲ್ಲಿ ಬಹಳ ವರ್ಷ ಕಟ್ಟಡದ ಕಂಟ್ರಾಕ್ಟ್ ಮಾಡಿದವನು ನಾನು. ಒಳ್ಳೇ ಸಾಮಾನನ್ನು ಜೆಸಿಬಿಯಲ್ಲಿ ಪುಡಿ ಮಾಡಿ ಹಳ್ಳಕ್ಕೆ ತುಂಬುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಈಗ ಕೆಲಸವನ್ನೆಲ್ಲ ಮಗ ನೋಡಿಕೊಳ್ಳುತ್ತಾನೆ. ನಾನು ಆಗಾಗ ಸೈಟಿಗೆ ಹೋಗಿ ಎರಡು ಮಾತು ಬೈದು ಬರುತ್ತೇನೆ, ಅಷ್ಟೇ.

ಮಗಳು ರೋಮ್‌ನಲ್ಲಿ ಕೆಲಸಕ್ಕಿದ್ದಾಳೆ. ಅವಳ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಅವಳು ಬೆಳಿಗ್ಗೆ ಆಫೀಸಿಗೆ ಹೊರಟರೆ ನಾವಿಬ್ಬರೂ ಊರು ಸುತ್ತಲು ಹೊರಡುತ್ತಿದ್ದೆವು. ರೋಮ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಚಿತ್ರಕಲೆ, ಶಿಲ್ಪ, ಪೋಪ್, ಪಿಜ್ಜಾ ಎಲ್ಲ ಅವರಿಗೇ ಇರಲಿ. ನನ್ನ ಕಣ್ಣು ಹೋಗುವುದು ಕಂಬ, ಇಟ್ಟಿಗೆ, ಗಾರೆ ಕಡೆಗೆ. ಆ ಕಣ್ಣಿಂದ ನೋಡಿದರೆ ಈ ಊರು ಪೂರ್ತಿ ಹಳೇ ಸಾಮಾನಿನ ವ್ಯವಹಾರ. ದೇವಸ್ಥಾನ ಬಿಚ್ಚಿ ಚರ್ಚು, ಸ್ನಾನದ ಮನೆ ಬಿಚ್ಚಿ ಚರ್ಚು, ಆಟದ ಬಯಲು ಬಿಚ್ಚಿ ಅರಮನೆ. ಬಿಚ್ಚದೆ ಹಾಗೇ ಉಳಿದಿರುವ ಕಟ್ಟಡ ಕಂಡರೆ, ಅದು ಯಾಕೆ ಉಳಿಯಿತು ಅಂತ ವಿಚಾರಿಸಬೇಕು.

ಹಳೇ ಕಾಲದ ಕಾಳಗದ ಬಯಲು ಕೊಲೋಸಿಯಂನಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಎಲ್ಲರೂ ಅಲ್ಲಿಗೇ ಮೊದಲು ಹೋಗುವುದು. ಅದರ ಹೊರಗೋಡೆ ತುಂಬ ತೂತು. ಮುಷ್ಟಿ ತೂರುವಷ್ಟು ದೊಡ್ಡವು, ಸಾಲು ಸಾಲು. ನನ್ನ ಹೆಂಡತಿ ಗುಂಡಿನ ಏಟಾ ಅಂತ ಕೇಳಿದಳು. ಅಲ್ಲ. ರೋಮ್ ಹತ್ತಿರದ ಟಿವೋಲಿ ಕಡೆಯ ತ್ರಾವರ್ಟೀನ್ ಅನ್ನುವ ಸುಣ್ಣದ ಕಲ್ಲನ್ನು ಒಂದರ ಮೇಲೊಂದು ಕೂರಿಸುವಾಗ ಗಾರೆ ಹಾಕಿರಲಿಲ್ಲ. ಕಲ್ಲಿಗೂ ಕಲ್ಲಿಗೂ ನಡುವೆ ಕಬ್ಬಿಣದ ಕ್ಲಾಂಪು ಕೊಟ್ಟಿದ್ದರು. ಸಾಮ್ರಾಜ್ಯ ಹೋದಮೇಲೆ ಊರು ಬಡವಾಯಿತು, ಕಬ್ಬಿಣ ದುಬಾರಿ ಆಯಿತು. ಜನ ಸಂದು ಕೊರೆದು ಕ್ಲಾಂಪುಗಳನ್ನು ಕಿತ್ತುಕೊಂಡು ಹೋದರು. ಅದರ ಗುರುತೇ ಆ ತೂತುಗಳು. 1349ರಲ್ಲಿ ಭೂಕಂಪ ಆಗಿ ದಕ್ಷಿಣದ ಹೊರಗೋಡೆ ಬಿತ್ತು. ಬಿದ್ದ ಕಲ್ಲು ನೂರಾರು ವರ್ಷ ಈ ಊರಿಗೆ ಕ್ವಾರಿ ಆಯಿತು. 1452ರಲ್ಲಿ ಒಬ್ಬ ಕಂಟ್ರಾಕ್ಟರು ಒಂದು ವರ್ಷವೂ ತುಂಬುವ ಮೊದಲು ಎರಡೂವರೆ ಸಾವಿರ ಗಾಡಿ ಕಲ್ಲು ಸಾಗಿಸಿದ ಲೆಕ್ಕ ಪೋಪರ ಖಜಾನೆಯ ದಾಖಲೆಯಲ್ಲಿದೆ. ಅದನ್ನು ಮಗಳು ಓದಿ ಹೇಳಿದಾಗ ನನಗೆ ಮೊದಲು ಹೊಳೆದದ್ದು, ಬಾಡಿಗೆ ಎಷ್ಟು ಕೊಟ್ಟಿರಬಹುದು ಅಂತ. ವೃತ್ತಿದೋಷ.

ಕಲ್ಲು ತೆಗೆದುಕೊಂಡು ಹೋಗಿ ಇನ್ನೊಂದು ಗೋಡೆಗೆ ಇಟ್ಟರೆ ನನಗೆ ಬೇಜಾರಿಲ್ಲ. ಕಲ್ಲು ಕಲ್ಲಾಗೇ ಉಳಿಯುತ್ತದೆ. ಆದರೆ ಅಮೃತಶಿಲೆಯನ್ನು ಸುಟ್ಟದ್ದಿದೆಯಲ್ಲ, ಅದು ತಡೆಯಲಾಗದ್ದು. ಅಮೃತಶಿಲೆ ಅಂದರೆ ಶುದ್ಧ ಸುಣ್ಣದ ಕಲ್ಲು. ಗೂಡಿಗೆ ಹಾಕಿ ಸುಟ್ಟರೆ ಒಂದನೇ ನಂಬರ್ ಸುಣ್ಣ. ರೋಮಿನವರು ನೂರಾರು ವರ್ಷ ಮೂರ್ತಿ, ಕಂಬ, ಶಾಸನ ಅಂತ ನೋಡದೆ ಸುಣ್ಣದ ಗೂಡಿಗೆ ತುಂಬಿದರು. ಚಿತ್ರಕಾರ ರಾಫೆಲ್ ಇದರ ಬಗ್ಗೆ ಪೋಪ್ ಹತ್ತನೇ ಲಿಯೋಗೆ ಪತ್ರ ಬರೆದು ದೂರು ಹೇಳಿಕೊಂಡಿದ್ದ. ನಾವು ಈಗ ನೋಡುತ್ತಿರುವ ಹೊಸ ರೋಮ್ ಎಷ್ಟೇ ಚೆಂದ ಇರಲಿ, ಅದರ ಗಾರೆಯೆಲ್ಲ ಹಳೇ ಅಮೃತಶಿಲೆ ಸುಟ್ಟ ಸುಣ್ಣ ಅನ್ನುವ ಅರ್ಥದ ಮಾತು ಅದರಲ್ಲಿದೆ. ತಮಾಷೆ ಅಂದರೆ ಸೇಂಟ್ ಪೀಟರ್ಸ್ ಚರ್ಚಿನ ಕೆಲಸಕ್ಕೆ ಬೇಕಾದ ಹಳೇ ಕಲ್ಲು ಹುಡುಕಿಸುವ ಜವಾಬ್ದಾರಿಯೂ 1515ರಿಂದ ಇದೇ ರಾಫೆಲನ ಮೇಲಿತ್ತು.

ಫೋರಂ ಅಂದರೆ ಹಳೇ ರೋಮ್‌ನ ನಡು ಚೌಕ. ಅದರ ಒಳಗೆ ಹೋದರೆ ಬಿದ್ದದ್ದೇ ಜಾಸ್ತಿ. ಮೂರು ಕಂಬ ಅಲ್ಲಿ, ಎಂಟು ಕಂಬ ಇಲ್ಲಿ. ಬಸಿಲಿಕಾ ಎಮಿಲಿಯಾ ಅನ್ನುವ ದೊಡ್ಡ ಕಟ್ಟಡ ಇತ್ತಂತೆ, ಈಗ ನೆಲ ಮಾತ್ರ ಉಳಿದಿದೆ. ಅದರ ಪಕ್ಕದಲ್ಲೇ ಒಂದು ದೇವಸ್ಥಾನದ ಮುಖ ಪೂರ್ತಿ ನಿಂತಿದೆ. ಚಕ್ರವರ್ತಿ ಆಂಟೊನೈನಸ್ ಪಯಸ್ ತೀರಿಹೋದ ಹೆಂಡತಿ ಫೌಸ್ಟಿನಾ ಹೆಸರಲ್ಲಿ ಕ್ರಿ.ಶ. 141ರಲ್ಲಿ ಶುರು ಮಾಡಿಸಿದ್ದು. ಅವನೂ ಸತ್ತಮೇಲೆ ಅವನ ಹೆಸರನ್ನೂ ಮೇಲಿನ ತೊಲೆಯಲ್ಲಿ ಸೇರಿಸಿದರು. ಮುಂದೆ ಆರು, ಎರಡೂ ಪಕ್ಕಕ್ಕೆ ಎರಡೆರಡು, ಒಟ್ಟು ಹತ್ತು ಕಂಬ. ಒಂದೊಂದೂ 17 ಮೀಟರ್ ಎತ್ತರ, ಗ್ರೀಸಿನ ಹಸಿರು ಪಟ್ಟೆಯ ಅಮೃತಶಿಲೆ. ಕತ್ತರಿಸಿದ ಈರುಳ್ಳಿಯ ಹಾಗೆ ಪದರ ಪದರ ಕಾಣುತ್ತದೆ. ಕಂಬಗಳ ಹಿಂದೆ ನೋಡಿದರೆ ಚರ್ಚು! ಸಾನ್ ಲೊರೆಂಜೊ ಇನ್ ಮಿರಾಂದಾ ಅಂತ ಹೆಸರು. ದೇವಸ್ಥಾನದ ಹೊಟ್ಟೆಯೊಳಗೇ ಅದು ಕೂತಿದೆ. 15ನೇ ಶತಮಾನದಲ್ಲಿ ಔಷಧಿ ಅಂಗಡಿಯವರ ಸಂಘಕ್ಕೆ ಪೋಪ್ ಇದನ್ನು ಕೊಟ್ಟ.

ಇಲ್ಲಿ ಎರಡು ವಿಷಯ ನೋಡಲೇಬೇಕು. ಒಂದು, ಚರ್ಚಿನ ಬಾಗಿಲು. ಅದು ಕಂಬಗಳ ಬುಡದಿಂದ ಎಷ್ಟೋ ಎತ್ತರದಲ್ಲಿ, ಗಾಳಿಯಲ್ಲಿ ತೇಲುತ್ತಿದೆ. ಅದರಿಂದ ಹೊರಗೆ ಕಾಲಿಟ್ಟರೆ ನೇರ ಆಸ್ಪತ್ರೆಗೇ. ಬಾಗಿಲು ಮಾಡಿದಾಗ ನೆಲ ಅಲ್ಲಿತ್ತು. ಸಾವಿರ ವರ್ಷದ ಮಣ್ಣು, ಕಲ್ಲುಪುಡಿ ತುಂಬಿ ಫೋರಂ ಅರ್ಧ ಮುಚ್ಚಿಹೋಗಿತ್ತು, ಮೇಲೆ ದನ ಮೇಯುತ್ತಿದ್ದವು. ಆಗಿನ ಜನ ಅದನ್ನು ದನದ ಬಯಲು ಅಂತಲೇ ಕರೆಯುತ್ತಿದ್ದರು. ಆಮೇಲೆ ಉತ್ಖನನ ಮಾಡಿದವರು ಮಣ್ಣು ತೆಗೆದರು, ಬಾಗಿಲು ಮೇಲೇ ಉಳಿಯಿತು.

ಎರಡನೆಯದು ಕಂಬಗಳ ಮೇಲ್ಭಾಗ. ಬೋದಿಗೆಯ, ಅಂದರೆ ಕಂಬದ ತಲೆಯ ಕೆತ್ತನೆ ಕಲ್ಲಿನ, ಸ್ವಲ್ಪ ಕೆಳಗೆ ಓರೆಯಾಗಿ ಕೊರೆದ ಕಚ್ಚುಗಳಿವೆ. ಹಗ್ಗ ಜಾರದ ಹಾಗೆ ಕೂರಿಸಿ ಎಳೆದು ಬೀಳಿಸಲು ಕೊರೆದದ್ದು ಅನ್ನುತ್ತಾರೆ. ನಾನು ಕೆಳಗೆ ನಿಂತು ಬಹಳ ಹೊತ್ತು ಅದನ್ನೇ ನೋಡಿದೆ. ಹತ್ತು ಕಂಬವನ್ನು ತೊಲೆ ಹಿಡಿದುಕೊಂಡಿದೆ, ಹಿಂದೆ ಗೋಡೆಯ ಆಸರೆ ಇದೆ. ಒಂದನ್ನು ಎಳೆದರೆ ಎಲ್ಲವೂ ಸೇರಿ ತಡೆಯುತ್ತವೆ. ಎಳೆದವರು ಸೋತು ಮನೆಗೆ ಹೋದರು. ಮೇಸ್ತ್ರಿ ಯಾರೋ ಏನೋ, ಅವನಿಗೆ ಒಂದು ನಮಸ್ಕಾರ.

ಪ್ಯಾಂಥಿಯನ್ ಅನ್ನುವ ಹಳೇ ರೋಮನ್ ದೇವಸ್ಥಾನಕ್ಕೆ ನಾವು ಹೋದ ದಿನ ಜಿಟಿಜಿಟಿ ಮಳೆ. ಹೆಂಡತಿಗೆ ಮಂಡಿ ನೋವು, ಬೇಡ ಅಂದಳು. ಮಳೆಯಲ್ಲೇ ನೋಡಬೇಕಮ್ಮ, ಬನ್ನಿ ಅಂತ ಮಗಳು ಬಿಡಲಿಲ್ಲ. ಆವತ್ತು ಅವಳಿಗೆ ರಜೆ. ಒಳಗೆ ಗುಮ್ಮಟದ ನೆತ್ತಿಯಲ್ಲಿ ಎಂಟು ಮೀಟರಿಗೂ ಅಗಲದ ಬಾಯಿ, ಗಾಜಿಲ್ಲ, ಮುಚ್ಚಳ ಇಲ್ಲ. ಮಳೆ ನೇರವಾಗಿ ಒಳಗೆ ಬೀಳುತ್ತಿತ್ತು. ನಡುವಿನ ಜಾಗಕ್ಕೆ ಹಗ್ಗ ಕಟ್ಟಿದ್ದರು. ಜನ ಫೋಟೋ ಮೇಲಕ್ಕೆ ಹೊಡೆಯುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ನೆಲ ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ನೀರು ನಿಲ್ಲದೆ ಹರಿಯುತ್ತದೆ. ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತು, ಅದರ ಕೆಳಗೆ ಚರಂಡಿ. ಹತ್ತೊಂಬತ್ತು ಶತಮಾನದ ಹಿಂದಿನ ಸ್ಲೋಪು. ನಮ್ಮಲ್ಲಿ ಬಾತ್‌ರೂಮಿಗೆ ಸ್ಲೋಪು ಸರಿಯಾಗಿ ಕೊಡುವ ಟೈಲ್ಸ್ ಕೆಲಸದವನು ಸಿಗುವುದೇ ಕಷ್ಟ.

ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ನೆತ್ತಿಗೂ ಅಷ್ಟೇ. ಒಂದೇ ಒಂದು ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಸರಳಿಲ್ಲದ ಕಾಂಕ್ರೀಟ್ ಗುಮ್ಮಟದಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇವತ್ತಿಗೂ ಇಲ್ಲ. ಗುಟ್ಟು ಜಲ್ಲಿಯಲ್ಲಿದೆ. ಪಾಯದಲ್ಲಿ ಭಾರದ ತ್ರಾವರ್ಟೀನ್ ಜಲ್ಲಿ, ಮೇಲೆ ಹೋದಹಾಗೆ ಹಗುರ ಕಲ್ಲು ಮತ್ತು ಇಟ್ಟಿಗೆ ಚೂರು, ನೆತ್ತಿಯ ಹತ್ತಿರ ನೀರಲ್ಲಿ ತೇಲುವಂಥ ಜ್ವಾಲಾಮುಖಿ ಕಲ್ಲು. ದಪ್ಪವೂ ಹಾಗೇ. ಬುಡದಲ್ಲಿ ಆರು ಮೀಟರ್ ಹತ್ತಿರ, ಬಾಯಿಯ ಹತ್ತಿರ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ಗಾರೆಗೆ ಸುಣ್ಣದ ಜೊತೆ ಜ್ವಾಲಾಮುಖಿ ಬೂದಿ. ನಮ್ಮ ಕಡೆ ಇದೇ ಕೆಲಸಕ್ಕೆ ಸುಟ್ಟ ಇಟ್ಟಿಗೆ ಪುಡಿ ಹಾಕುತ್ತಿದ್ದರು, ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿಯ ಮೇಲೇ, ಸಿಮೆಂಟಿನ ಮೇಲಲ್ಲ. ರೋಮ್ ಗಾರೆಯಲ್ಲಿ ಬಿಳಿ ಸುಣ್ಣದ ಗಂಟುಗಳು ಕಾಣುತ್ತವೆ. ಸರಿಯಾಗಿ ಕಲೆಸಿಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. ಬಿರುಕು ಬಿಟ್ಟಾಗ ನೀರು ಇಳಿದು ಆ ಗಂಟು ಕರಗಿ ಬಿರುಕನ್ನು ತಾನೇ ಮುಚ್ಚುತ್ತದೆ ಅಂತ 2023ರಲ್ಲಿ ಒಂದು ಅಧ್ಯಯನ ಬಂತು. ಕಲೆಸಿದ ಕೂಲಿಯವನ ಮೇಲಿದ್ದ ಅಪವಾದ ಅಷ್ಟು ತಡವಾಗಿ ತೊಳೆಯಿತು.

ಮುಂಭಾಗದ ತೊಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ, ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ ಮೂರನೇ ಸಲ ಕಾನ್ಸಲ್ (ವರ್ಷದ ಮಟ್ಟಿಗೆ ಆರಿಸಿದ ದೊಡ್ಡ ಅಧಿಕಾರಿ) ಆಗಿದ್ದಾಗ ಕಟ್ಟಿಸಿದ ಅಂತ. ಅಗ್ರಿಪ್ಪ ಚಕ್ರವರ್ತಿ ಆಗಸ್ಟಸ್‌ನ ಅಳಿಯ. (ಆಗಸ್ಟಸ್ ಕಾಲದ ಬೆಳ್ಳಿ ನಾಣ್ಯ ನಮ್ಮ ಊರಿನ ಚಂದ್ರವಳ್ಳಿಯಲ್ಲಿ ಸಿಕ್ಕಿದೆ. ಮಗಳ ಸ್ನೇಹಿತರಿಗೆ ಅದನ್ನು ಹೇಳಿ ಸ್ವಲ್ಪ ಜಂಬ ಕೊಚ್ಚಿಕೊಂಡೆ.) ಆದರೆ ಅಗ್ರಿಪ್ಪ ಕಟ್ಟಿಸಿದ್ದು ಸುಟ್ಟುಹೋಗಿತ್ತು. ಈಗಿರುವುದು ಹೇಡ್ರಿಯನ್ ಕಾಲದ್ದು, ಕ್ರಿ.ಶ. 125ರ ಸುಮಾರಿಗೆ ಮುಗಿದದ್ದು. ಹೇಡ್ರಿಯನ್ ತನ್ನ ಹೆಸರು ಹಾಕಿಸದೆ ಹಳೇ ಹೆಸರನ್ನೇ ಇಟ್ಟ. ಇದು ಗೊತ್ತಾದದ್ದು ಹೇಗೆ ಅಂದರೆ ಇಟ್ಟಿಗೆಯಿಂದ. ರೋಮ್ ಇಟ್ಟಿಗೆ ಗೂಡಿನವರು ಹಸಿ ಇಟ್ಟಿಗೆಯ ಮೇಲೆ ಮುದ್ರೆ ಒತ್ತುತ್ತಿದ್ದರು. ಗೂಡಿನ ಹೆಸರು, ಯಜಮಾನನ ಹೆಸರು, ಕೆಲವು ಸಲ ಆ ವರ್ಷದ ಕಾನ್ಸಲ್ ಹೆಸರು. 19ನೇ ಶತಮಾನದ ಕೊನೆಯಲ್ಲಿ ಗೋಡೆಯೊಳಗಿನ ಇಟ್ಟಿಗೆ ಬಿಚ್ಚಿ ಮುದ್ರೆ ಓದಿದಾಗ ನಿಜ ಹೊರಬಂತು. ಶಾಸನ ಒಂದು ಹೇಳಿತು, ಇಟ್ಟಿಗೆ ಇನ್ನೊಂದು ಹೇಳಿತು. ನಾನು ಯಾವತ್ತೂ ಇಟ್ಟಿಗೆ ಕಡೆಯವನು. ನಮ್ಮಲ್ಲೂ ಮಂಗಳೂರು ಹೆಂಚಿನ ಬೆನ್ನು ತಿರುಗಿಸಿದರೆ ಬಾಸೆಲ್ ಮಿಷನ್ ಹೆಸರು, ಕೆಲವಕ್ಕೆ 1865 ಅಂತ ಇಸವಿ ಇರುತ್ತದಲ್ವಾ. ಹಳೇ ಮನೆ ಬಿಚ್ಚುವಾಗ ಅಂಥ ಹೆಂಚು ಸಿಕ್ಕರೆ ನಾನು ಒಂದೆರಡು ಎತ್ತಿಟ್ಟುಕೊಳ್ಳುತ್ತೇನೆ.

ಇಂಥ ಕಟ್ಟಡ ಇಷ್ಟು ಪೂರ್ತಿಯಾಗಿ ಉಳಿದದ್ದು ಹೇಗೆ? ಚರ್ಚಾದ್ದರಿಂದ. ಚಕ್ರವರ್ತಿ ಫೋಕಸ್ ಇದನ್ನು ಪೋಪ್ ನಾಲ್ಕನೇ ಬೋನಿಫೇಸ್‌ಗೆ ಕೊಟ್ಟ, 609ರಲ್ಲಿ ಮೇರಿ ಮಾತೆ ಮತ್ತು ಹುತಾತ್ಮರ ಹೆಸರಿಗೆ ಚರ್ಚಾಯಿತು. ಒಂದು ದೇವರ ಜಾಗದಲ್ಲಿ ಇನ್ನೊಂದು ದೇವರನ್ನು ಕೂರಿಸಿದ್ದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಕಟ್ಟಡದ ಕಡೆಯಿಂದ ನೋಡಿದರೆ, ಒಳಗೆ ದೀಪ ಹಚ್ಚುವವರು ಇದ್ದಾಗ ಮಾಳಿಗೆ ಸೋರಿದರೆ ಕೇಳುವವರು ಇರುತ್ತಾರೆ. ಬೀಗ ಹಾಕಿದ ಮನೆ ಹತ್ತು ವರ್ಷಕ್ಕೆ ಬೀಳುತ್ತದೆ, ಜನ ಇರುವ ಮನೆ ಅಷ್ಟು ಬೇಗ ಬೀಳುವುದಿಲ್ಲ. ಇದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು.

ಹಾಗಂತ ಇಲ್ಲೂ ಕೈ ಹಾಕದೆ ಬಿಟ್ಟಿಲ್ಲ. 663ರಲ್ಲಿ ಎರಡನೇ ಕಾನ್ಸ್ಟನ್ಸ್ ಅನ್ನುವ ಚಕ್ರವರ್ತಿ ರೋಮಿಗೆ ಬಂದು ಮೇಲಿನ ಕಂಚಿನ ಹೆಂಚನ್ನು ಕಿತ್ತುಕೊಂಡು ಹೋದ. 1620ರ ದಶಕದಲ್ಲಿ ಪೋಪ್ ಎಂಟನೇ ಅರ್ಬನ್ ಮುಖಮಂಟಪದ ಮಾಡಿನ ಕಂಚಿನ ತೊಲೆಗಳನ್ನು ಇಳಿಸಿ ಕರಗಿಸಿದ. ಹೆಚ್ಚಿನದು ಫಿರಂಗಿಗೆ ಹೋಯಿತು. ಅವನ ಮನೆತನ ಬಾರ್ಬೆರಿನಿ. ಬಾರ್ಬೇರಿಯನ್ನರು, ಅಂದರೆ ಹಿಂದೆ ರೋಮ್ ಲೂಟಿ ಮಾಡಿದ ಹೊರಗಿನ ಜನ, ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ಊರವರು ಆಡಿಕೊಂಡರು. ಮೇಲೆ ಎರಡು ಗಂಟೆ ಗೋಪುರ ಬೇರೆ ಇಟ್ಟಿದ್ದರು. ಜನ ಅದಕ್ಕೆ ಕತ್ತೆ ಕಿವಿ ಅಂತ ಹೆಸರಿಟ್ಟರು, 1880ರ ದಶಕದಲ್ಲಿ ತೆಗೆದುಹಾಕಿದರು. ಮುಖಮಂಟಪದ ಹದಿನಾರು ಕಂಬ ಈಜಿಪ್ಟಿನ ಗ್ರಾನೈಟು, ಒಂದೊಂದೂ ಅಖಂಡ, ಹನ್ನೆರಡು ಮೀಟರ್ ಹತ್ತಿರ, ಅರವತ್ತು ಟನ್ ಸುಮಾರು. ನಮ್ಮ ಹತ್ತು ಚಕ್ರದ ಲಾರಿ ಹೊರುವ ಲೋಡಿನ ಮೂರು ಪಟ್ಟು. ಎಡಗಡೆ ಮೂಲೆಯಲ್ಲಿ ಬಿದ್ದುಹೋಗಿದ್ದ ಕಂಬಗಳ ಜಾಗಕ್ಕೆ 17ನೇ ಶತಮಾನದಲ್ಲಿ ಬೇರೆ ಹಳೇ ಕಂಬ ತಂದು ನಿಲ್ಲಿಸಿದ್ದಾರೆ. ಅಲ್ಲಿ ಬೋದಿಗೆಯ ಎಲೆಗಳ ನಡುವೆ ಬಾರ್ಬೆರಿನಿ ಮನೆತನದ ಗುರುತು, ಒಂದು ಜೇನುಹುಳ ಕೆತ್ತಿದ್ದಾರೆ. ಕಂಚು ಕಿತ್ತವನೇ ಕಂಬ ಕೂರಿಸಿದ. ಇವನನ್ನು ಬೈಯಬೇಕೋ ಹೊಗಳಬೇಕೋ!

ಸುಣ್ಣದ ಗೂಡಿನ ಬಗ್ಗೆ ದೂರಿದ್ದ ರಾಫೆಲ್ 1520ರಲ್ಲಿ ತೀರಿಕೊಂಡ. ಅವನ ಸಮಾಧಿ ಇರುವುದೂ ಪ್ಯಾಂಥಿಯನ್ ಒಳಗೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾನ್ ಕ್ಲೆಮೆಂತೆ. ಕೊಲೋಸಿಯಂನಿಂದ ನಡೆದೇ ಹೋಗಬಹುದು. ಹೊರಗಿಂದ ಏನೂ ಕಾಣುವುದಿಲ್ಲ, ಸಾದಾ ಗೋಡೆ. ಒಳಗೆ 12ನೇ ಶತಮಾನದ ಚರ್ಚು. ಗರ್ಭಗುಡಿಯ ಅರ್ಧ ಗುಮ್ಮಟದಲ್ಲಿ ಬಂಗಾರದ ಮೊಸಾಯಿಕ್ (ಸಣ್ಣ ಚೂರು ಅಂಟಿಸಿ ಮಾಡಿದ ಚಿತ್ರ), ಶಿಲುಬೆಯ ಬುಡದಿಂದ ಬಳ್ಳಿ ಹಬ್ಬಿ ಸುರುಳಿ ಸುರುಳಿಯಾಗಿ ಇಡೀ ಜಾಗ ತುಂಬಿದೆ. ನನ್ನ ಹೆಂಡತಿ ಅದರ ಮುಂದೆ ಕೂತವಳು ಏಳಲಿಲ್ಲ. ನಡುವೆ ಹಾಡುವವರಿಗೆ ಅಮೃತಶಿಲೆಯ ತಗ್ಗು ಕಟಕಟೆ ಇದೆ. ಅದರ ಮೇಲಿನ ಗುರುತು 6ನೇ ಶತಮಾನದ ಪೋಪ್ ಎರಡನೇ ಜಾನನದ್ದು. ಅಂದರೆ ಕಟಕಟೆ ಚರ್ಚಿಗಿಂತ ಆರು ನೂರು ವರ್ಷ ಹಳೆಯದು. ಎಲ್ಲಿಂದ ಬಂತು? ಕೆಳಗಿಂದ.

1857ರಲ್ಲಿ ಇಲ್ಲಿದ್ದ ಡೊಮಿನಿಕನ್ ಪಂಥದ ಐರಿಷ್ ಪಾದ್ರಿ ಜೋಸೆಫ್ ಮುಲ್ಲೂಲಿ ನೆಲದ ಕೆಳಗೆ ಅಗೆಸಲು ಶುರು ಮಾಡಿದ. ಕೆಳಗೆ ಇನ್ನೊಂದು ಚರ್ಚು ಸಿಕ್ಕಿತು, 4ನೇ ಶತಮಾನದ್ದು. 1100ರ ಸುಮಾರಿಗೆ ಹೊಸದು ಕಟ್ಟುವಾಗ ಹಳೆಯದರ ಒಳಗೆ ಕಲ್ಲುಮಣ್ಣು ತುಂಬಿ, ಕಂಬಗಳ ನಡುವೆ ಗೋಡೆ ಎಬ್ಬಿಸಿ, ಅದನ್ನೇ ಪಾಯ ಮಾಡಿಕೊಂಡಿದ್ದರು. ತುಂಬುವ ಮೊದಲು ಬೆಲೆ ಬಾಳುವ ಅಮೃತಶಿಲೆಯನ್ನು ಬಿಚ್ಚಿ ಮೇಲೆ ಒಯ್ದರು. ಎಷ್ಟು ಅಚ್ಚುಕಟ್ಟು ನೋಡಿ. ಮೆಟ್ಟಿಲಿಳಿದು ಹೋದರೆ ಆ ಹಳೇ ಕಂಬಗಳು ಗೋಡೆಯೊಳಗೆ ಅರ್ಧ ಹುಗಿದು ನಿಂತಿವೆ, ಮೇಲಿನ ಚರ್ಚನ್ನು ಹೊತ್ತುಕೊಂಡು.

ಆ ಕೆಳಗಿನ ಚರ್ಚಿನ ಒಂದು ಗೋಡೆಯಲ್ಲಿ 11ನೇ ಶತಮಾನದ ಕೊನೆಯ ಚಿತ್ರ ಇದೆ. ಬೆನೋ ದೆ ರಾಪಿಜಾ ಅನ್ನುವವನೂ ಅವನ ಹೆಂಡತಿ ಮರಿಯಾಳೂ ಬರೆಸಿದ್ದು, ನಮ್ಮ ಗುಡಿಗಳಲ್ಲಿ ದಾನ ಕೊಟ್ಟವರ ಹೆಸರು ಹಾಕುತ್ತಾರಲ್ಲ, ಅಲ್ಲೂ ಹಾಕಿದ್ದಾರೆ. ಕಥೆ ಹೀಗೆ. ಸಿಸಿನ್ನಿಯಸ್ ಅನ್ನುವ ದೊಡ್ಡ ಮನುಷ್ಯನ ಹೆಂಡತಿ ಸಂತ ಕ್ಲೆಮೆಂಟನ ಭಕ್ತೆ. ಗಂಡನಿಗೆ ಸಿಟ್ಟು. ಕ್ಲೆಮೆಂಟನನ್ನು ಕಟ್ಟಿ ಎಳೆದು ತನ್ನಿ ಅಂತ ಆಳುಗಳಿಗೆ ಹೇಳುತ್ತಾನೆ. ದೇವರ ಮಾಯೆಯಿಂದ ಇವರ ಕಣ್ಣು ಮಂಕಾಗಿ, ಬಿದ್ದಿದ್ದ ಒಂದು ಕಲ್ಲು ಕಂಬವನ್ನೇ ಕ್ಲೆಮೆಂಟ್ ಅಂದುಕೊಂಡು ಹಗ್ಗ ಹಾಕಿ ಎಳೆಯುತ್ತಿದ್ದಾರೆ. ಚಿತ್ರದಲ್ಲಿ ಮೂವರು ಆಳು. ಗೊಸ್ಮಾರಿ, ಆಲ್ಬರ್ತೆಲ್ ಹಗ್ಗ ಹಿಡಿದಿದ್ದಾರೆ. ಕಾರ್ವೊನ್ಚೆಲ್ಲೆ ಹಿಂದೆ ಮರದ ಹಾರೆ ಕೊಟ್ಟು ಮೀಟುತ್ತಿದ್ದಾನೆ. ಅವರವರ ಪಕ್ಕದಲ್ಲೇ ಮಾತು ಬರೆದಿದೆ, ಈಗಿನ ಕಾಮಿಕ್ಸ್ ಥರ. ಹಿಂದಿನಿಂದ ಕೋಲು ಕೊಡೋ ಅಂತ ಕೂಗಾಟ. ಯಜಮಾನ ಬಲಗೈ ಚಾಚಿ, ಎಳೀರೋ ಅಂತ ತಾಯಿಗೆ ತಗಲುವ ಒಂದು ಬೈಗುಳ ಸೇರಿಸಿ ಕಿರುಚುತ್ತಿದ್ದಾನೆ. ಸಂತರ ಮಾತು ಲ್ಯಾಟಿನ್‌ನಲ್ಲಿ, ಬೈಗುಳ ಊರ ಜನರ ಭಾಷೆಯಲ್ಲಿ. ಇಟಾಲಿಯನ್ ಆಡುಮಾತಿನ ಬರಹದಲ್ಲಿ ತೀರಾ ಹಳೆಯವುಗಳಲ್ಲಿ ಇದೂ ಒಂದಂತೆ.

ನಾನು ಅಲ್ಲಿ ನಕ್ಕುಬಿಟ್ಟೆ. ಕಾವಲಿನವನು ತಿರುಗಿ ನೋಡಿದ. ಮಂಟಪಕ್ಕೆ ಕಲ್ಲು ಕಂಬ ನಿಲ್ಲಿಸುವ ಕೆಲಸ ನಾನು ಮಾಡಿಸಿದ್ದೇನೆ. ಇಬ್ಬರು ಮುಂದೆ, ಒಬ್ಬ ಹಿಂದೆ ಹಾರೆ ಹಿಡಿದು, ದೂರ ನಿಂತವನ ಬಾಯಲ್ಲಿ ಬೈಗುಳ. ಒಂದಿಷ್ಟೂ ಬದಲಾಗಿಲ್ಲ. ಕಾರ್ವೊನ್ಚೆಲ್ಲೆ ಬಗ್ಗಿ ನಿಂತ ರೀತಿ ನೋಡಬೇಕು, ಭಾರ ಸರಿಯಾಗಿ ಹಾರೆಯ ತುದಿಗೆ ಬಿಟ್ಟಿದ್ದಾನೆ. ಆ ಚಿತ್ರಕಾರ ಕಂಬ ಎಳೆಯುವುದನ್ನು ಕಣ್ಣಾರೆ ನೋಡಿರಲೇಬೇಕು. ಆಗ ರೋಮಿನ ಬೀದಿಬೀದಿಯಲ್ಲೂ ಅದೇ ಕೆಲಸ ನಡೆಯುತ್ತಿತ್ತಲ್ಲ.

ಇನ್ನೂ ಒಂದು ಮಹಡಿ ಕೆಳಗಿದೆ. ಅಲ್ಲಿ 1ನೇ ಶತಮಾನದ ಕಟ್ಟಡಗಳು, ಎರಡರ ನಡುವೆ ಒಬ್ಬರು ನಡೆಯುವಷ್ಟು ಓಣಿ. ಒಂದು ಕೋಣೆ ಮಿತ್ರ ಅನ್ನುವ ದೇವರದ್ದು, ಕ್ರೈಸ್ತರಾಗುವ ಮೊದಲು ರೋಮಿನವರು ಪೂಜಿಸುತ್ತಿದ್ದದ್ದು. ತಗ್ಗು ಕಮಾನು, ಎರಡೂ ಪಕ್ಕ ಕಲ್ಲಿನ ಜಗಲಿ, ನಡುವೆ ಮಿತ್ರ ಹೋರಿಯನ್ನು ಕೊಲ್ಲುವ ಕೆತ್ತನೆಯ ಬಲಿಪೀಠ. ಗಾಳಿ ತಣ್ಣಗೆ, ಗೋಡೆ ಒದ್ದೆ. ಒಂದು ಮೂಲೆಯಲ್ಲಿ ನೀರು ಜೋರಾಗಿ ಹರಿಯುವ ಸದ್ದು ಬರುತ್ತದೆ. ಮೊದಲು ಈ ಕೆಳಗಿನ ಭಾಗ ನೀರು ತುಂಬಿಯೇ ಇರುತ್ತಿತ್ತಂತೆ. 1912ರಿಂದ 1914ರವರೆಗೆ ಸುಮಾರು ಏಳುನೂರು ಮೀಟರ್ ಸುರಂಗ ಕೊರೆದು ಕೊಲೋಸಿಯಂ ಕಡೆಯ ಹಳೇ ರೋಮನ್ ಚರಂಡಿಗೆ ಸೇರಿಸಿದರು. 20ನೇ ಶತಮಾನದ ಸಮಸ್ಯೆಗೆ ಎರಡು ಸಾವಿರ ವರ್ಷದ ಹಿಂದಿನ ಚರಂಡಿ ಉಪಯೋಗಕ್ಕೆ ಬಂತು. ಇದಕ್ಕಿಂತ ಒಳ್ಳೇ ಹಳೇ ಸಾಮಾನು ಯಾವುದಿದೆ ಹೇಳಿ.

ಮೇಲೆ ಬಂದಾಗ ಹೆಂಡತಿ ಕೂತ ಜಾಗದಲ್ಲೇ ಇದ್ದಳು. ಅವಳ ತಕರಾರು ಬೇರೆ. ನಾವು ಹೋದ ಚರ್ಚುಗಳಲ್ಲಿ ಎಷ್ಟೋ ಕಡೆ ಮೇಣದ ಬತ್ತಿ ಇಲ್ಲ, ನಾಣ್ಯ ಹಾಕಿದರೆ ಹೊತ್ತುವ ಸಣ್ಣ ಕರೆಂಟ್ ದೀಪ. ಮಸಿ ಹಿಡಿದು ಚಿತ್ರ ಹಾಳಾಗಬಾರದು ಅಂತ ಮಾಡಿರಬೇಕು, ನನಗೆ ಸರಿ ಅನಿಸಿತು. "ಸ್ವಿಚ್ ಒತ್ತಿದರೆ ಅದು ದೀಪ ಹಚ್ಚಿದ ಹಾಗಾ?" ಅಂತ ಅವಳು. ಆದರೂ ಮಗಳ ಹೆಸರಲ್ಲಿ ಒಂದು ನಾಣ್ಯ ಹಾಕಿಯೇ ಬಂದಳು.

ನದಿ ದಾಟಿ ತ್ರಾಸ್ತೆವೆರೆಗೆ ಹೋದರೆ ಅಲ್ಲಿಯ ಸಾಂತಾ ಮರಿಯಾ ಚರ್ಚಿನಲ್ಲಿ ಹಳೇ ಸಾಮಾನಿನ ಅಂಗಡಿಗೇ ಬಂದ ಹಾಗೆ ಆಗುತ್ತದೆ. 12ನೇ ಶತಮಾನದಲ್ಲಿ ಪೋಪ್ ಎರಡನೇ ಇನೊಸೆಂಟ್ ಕಟ್ಟಿಸಿದ್ದು. ಎರಡು ಸಾಲು ಗ್ರಾನೈಟ್ ಕಂಬ, ಒಂದರ ದಪ್ಪ ಇನ್ನೊಂದಕ್ಕಿಲ್ಲ, ಬಣ್ಣವೂ ಬೇರೆ. ಬೋದಿಗೆಗಳೂ ಬೇರೆ ಬೇರೆ. ಗಿಡ್ಡ ಕಂಬಕ್ಕೆ ಎತ್ತರದ ಪೀಠ, ಉದ್ದದ ಕಂಬಕ್ಕೆ ತಗ್ಗಿನ ಪೀಠ ಕೊಟ್ಟು ಮೇಲಿನ ಲೆವೆಲ್ ಸರಿ ಮಾಡಿದ್ದಾರೆ. ಇದೇ ಲೆಕ್ಕಾಚಾರ ನಾನು ಎಷ್ಟು ಮನೆಗಳಲ್ಲಿ ಮಾಡಿಲ್ಲ! ಕೆಲವು ಬೋದಿಗೆ ಕಾರಕಲ್ಲಾ ಚಕ್ರವರ್ತಿಯ ಸ್ನಾನದ ಮನೆಯಿಂದ ಬಂದವು. ಅವುಗಳ ಮೇಲೆ ಐಸಿಸ್, ಸೆರಾಪಿಸ್ ಅನ್ನುವ ಈಜಿಪ್ಟ್ ದೇವರುಗಳ ಪುಟ್ಟ ಮುಖ ಇದ್ದವು. ಏಳುನೂರು ವರ್ಷ ಯಾರಿಗೂ ಅದು ತೊಂದರೆ ಆಗಿರಲಿಲ್ಲ. 19ನೇ ಶತಮಾನದಲ್ಲಿ ರಿಪೇರಿ ಮಾಡುವಾಗ, ಇವು ಬೇರೆ ದೇವರು ಅಂತ ಗೊತ್ತಾಗಿ ಮುಖಗಳನ್ನು ಉಳಿಯಿಂದ ಹೊಡೆದು ಹಾಕಿದರು. ಓದಿದವರು ಬಂದಮೇಲೆ ಹೀಗೂ ಆಗುತ್ತದೆ.

ಕೊನೆಗೆ ರೈಲ್ವೆ ಸ್ಟೇಷನ್ ಹತ್ತಿರದ ಸಾಂತಾ ಮರಿಯಾ ದೆಲ್ಯಿ ಆಂಜೆಲಿ. ಡಯೊಕ್ಲೀಶಿಯನ್ ಚಕ್ರವರ್ತಿಯ ಸ್ನಾನದ ಮನೆಯ ದೊಡ್ಡ ಹಜಾರ ಇದು. 306ರಲ್ಲಿ ಬಳಕೆಗೆ ಬಂದದ್ದು. 1561ರಲ್ಲಿ ಇದನ್ನು ಚರ್ಚು ಮಾಡುವ ಕೆಲಸ ಮೈಕೆಲೆಂಜೆಲೊಗೆ ಬಂತು. ಅವನಿಗೆ ಆಗ ಎಂಬತ್ತಾರು. ಅವನು ಮಾಡಿದ ದೊಡ್ಡ ಕೆಲಸ ಅಂದರೆ ಜಾಸ್ತಿ ಏನೂ ಮಾಡದೇ ಇದ್ದದ್ದು. ಹಳೇ ಕಮಾನು, ಹಳೇ ಕಂಬ ಹಾಗೇ ಇಟ್ಟ. ನೆಲ ಎತ್ತರಿಸಿದ, ಹಾಗಾಗಿ ಕಂಬಗಳ ಬುಡ ಎರಡು ಮೀಟರ್ ಹುಗಿದುಹೋಗಿದೆ. 18ನೇ ಶತಮಾನದಲ್ಲಿ ವಾನ್ವಿತೆಲ್ಲಿ ಅನ್ನುವ ಇಂಜಿನಿಯರ್ ಬಂದು ಎಲ್ಲ ಒಂದೇ ಥರ ಕಾಣಲಿ ಅಂತ ಇನ್ನಷ್ಟು ಕಂಬ ಸೇರಿಸಿದ. ಅವು ಕಲ್ಲಲ್ಲ. ಇಟ್ಟಿಗೆ ಕಟ್ಟಿ, ಮೇಲೆ ಗಾರೆ ಹಚ್ಚಿ, ಗ್ರಾನೈಟ್ ಥರ ಬಣ್ಣ ಬಳಿದದ್ದು. ನೋಡಿದರೆ ಗೊತ್ತಾಗುವುದಿಲ್ಲ. ಕಂಡುಹಿಡಿದದ್ದು ನನ್ನ ಹೆಂಡತಿ. ಮಂಡಿ ನೋವಿಗೆ ಒಂದು ಕಂಬಕ್ಕೆ ಕೈ ಕೊಟ್ಟು ನಿಂತಳು, ಆಮೇಲೆ ಇನ್ನೊಂದಕ್ಕೆ. "ರೀ, ಇದು ತಣ್ಣಗಿಲ್ಲ" ಅಂದಳು. ನಾನೂ ಮುಟ್ಟಿ ನೋಡಿದೆ. ನಿಜವಾದ ಕಲ್ಲು ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು, ಗಾರೆಯದು ಹಾಗಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೂ ಬೇರೆ.

ಅದೇ ಚರ್ಚಿನ ನೆಲದಲ್ಲಿ ಸುಮಾರು 45 ಮೀಟರ್ ಉದ್ದದ ಹಿತ್ತಾಳೆ ಗೆರೆ ಇದೆ. 1702ರಲ್ಲಿ ಬಿಯಾಂಕಿನಿ ಅನ್ನುವ ಖಗೋಳ ಪಂಡಿತ ಹಾಕಿಸಿದ್ದು. ಎತ್ತರದ ಗೋಡೆಯಲ್ಲಿ ಒಂದು ತೂತು, ಅದರಿಂದ ಬಿದ್ದ ಬಿಸಿಲಿನ ಬಿಲ್ಲೆ ನಡು ಮಧ್ಯಾಹ್ನ ಸರಿಯಾಗಿ ಗೆರೆ ದಾಟುತ್ತದೆ. ಈಸ್ಟರ್ ಹಬ್ಬದ ಲೆಕ್ಕಕ್ಕೆ ಅಂತ ಮಾಡಿದ್ದು. 1846ರವರೆಗೆ ರೋಮ್‌ನ ಗಡಿಯಾರಗಳಿಗೆ ಇದೇ ಸಮಯ ಕೊಡುತ್ತಿತ್ತು. ಈ ಕೆಲಸಕ್ಕೆ ಸ್ನಾನದ ಮನೆಯ ಗೋಡೆಯನ್ನೇ ಯಾಕೆ ಆರಿಸಿಕೊಂಡರು ಅಂದರೆ, ಅಷ್ಟು ಹಳೇ ಕಟ್ಟಡದ ಪಾಯ ಇಳಿಯುವಷ್ಟು ಇಳಿದು ಮುಗಿದಿರುತ್ತದೆ. ಇನ್ನು ಅಲುಗಾಡುವುದಿಲ್ಲ. ಹೊಸ ಗೋಡೆಯಾದರೆ ಗೆರೆ ತಪ್ಪುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಪ್ಯಾಂಥಿಯನ್‌ಗೆ 2023ರಿಂದ ಟಿಕೆಟ್ ಇದೆ. ಸಾನ್ ಕ್ಲೆಮೆಂತೆ ಮೇಲಿನ ಚರ್ಚಿಗೆ ದುಡ್ಡಿಲ್ಲ, ಕೆಳಗಿಳಿಯಲು ಟಿಕೆಟ್ ಬೇಕು, ಫೋಟೋ ತೆಗೆಯಲು ಬಿಡುವುದಿಲ್ಲ. ಎಷ್ಟೋ ಚರ್ಚುಗಳು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿಬಿಡುತ್ತವೆ, ಬೆಳಿಗ್ಗೆ ಬೇಗ ಹೊರಡಿ. ಬೀದಿಯಲ್ಲಿ ಅಲ್ಲಲ್ಲಿ ಕಬ್ಬಿಣದ ನಲ್ಲಿಗಳಿವೆ, ಹಗಲೂ ರಾತ್ರಿ ನೀರು ಬರುತ್ತಿರುತ್ತದೆ, ಕುಡಿಯಬಹುದು. ಬಾಟಲಿ ನೀರಿಗೆ ಸುಮ್ನೆ ದುಡ್ಡು ಹಾಕಬೇಡಿ. ಬೀದಿಗೆಲ್ಲ ಹಾಸಿರುವುದು ಕರಿ ಕಲ್ಲಿನ ಗುಂಡು, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬಿಟ್ಟು ಬೂಟು ಹಾಕಿ.